ರಾಗಿಯ ಹೊಸ ತಳಿ

ತಮ್ಮ ತಟ್ಟೆಯ ರಾಗಿಮುದ್ದೆಗೂ ಒಂದು ಚರಿತ್ರೆಯುಂಟು. ಮಂಡ್ಯದ ವಿ. ಸಿ. ಫಾರಂನಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿದರು. ರಾಗಿಯ ಹೂವು ಅತಿ ಸಣ್ಣದು, ತನ್ನ ಪರಾಗದಿಂದಲೇ ಕಾಳುಗಟ್ಟುವಂಥದು. ಸಂಕರವೆಂದರೆ ಬಲು ತಾಳ್ಮೆಯ ಕೆಲಸ. 1970ರ ದಶಕದಲ್ಲಿ ಹೊರಬಂದ ಈ ತಳಿಗಳಿಗೆ ಇಂಡಿಯ, ಆಫ್ರಿಕ ಎರಡನ್ನೂ ಬೆಸೆದು ‘ಇಂಡಾಫ್’ ಎಂದು ಹೆಸರಿಟ್ಟರು. (ವ್ಯಾಕರಣ ಓದಿದ ನನಗೆ ಈ ಸಮಾಸ ರುಚಿಸದು, ಮುದ್ದೆ ರುಚಿಸಿತು!)

ತಳಿ ಹುಟ್ಟಿದ ಮಾತ್ರಕ್ಕೆ ರೈತನಿಗೆ ಕೊಡಲಾಗದು. ಮಳೆಯನ್ನೇ ನಂಬಿದವನ ಬೀಜ ಕೈಕೊಟ್ಟರೆ ಮನೆಮಂದಿಯ ಒಂದು ವರ್ಷದ ಹಿಟ್ಟೇ ಹೋಯಿತು. ಆದುದರಿಂದ ಹೊಸದನ್ನೂ ಹಳೆಯದನ್ನೂ ಅಕ್ಕಪಕ್ಕದ ಮಡಿಗಳಲ್ಲಿ, ಚೀಟಿಯೆತ್ತಿದಂತೆ ಜಾಗ ಗೊತ್ತುಮಾಡಿ, ಹಲವು ಊರುಗಳಲ್ಲಿ, ಹಲವು ವರ್ಷ ಬೆಳೆದು ತೂಗುತ್ತಾರೆ. ದೇಶದ ನಾನಾ ಕಡೆ ಒಟ್ಟಾಗಿ ಪರೀಕ್ಷಿಸುವ ಈ ಏರ್ಪಾಡು 1957ರಲ್ಲಿ ಮುಸುಕಿನ ಜೋಳದಿಂದ ಮೊದಲಾಯಿತು. ಕಾಳು ಹೆಚ್ಚಿದರೆ ಸಾಲದು. ಬೆಂಕಿರೋಗವನ್ನು ತಡೆಯಬೇಕು, ಹುಲ್ಲೂ ಸಾಕಷ್ಟು ಬರಬೇಕು. ದನ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಬಳಿಕ ರೈತರ ಹೊಲಗಳಲ್ಲೇ ಬಿತ್ತಿ ನೋಡಿ, ಸಮಿತಿಯ ಮುಂದಿಡುತ್ತಾರೆ. 1966ರ ಬೀಜ ಕಾಯಿದೆಯು ಗೆಜೆಟ್ಟಿನಲ್ಲಿ ಅಧಿಸೂಚನೆಯಾದ ತಳಿಯ ಬೀಜಕ್ಕೆ ಮಾತ್ರವೇ ಪ್ರಮಾಣಪತ್ರವೆಂದು ವಿಧಿಸಿತು.