ಎರಡಾಣೆಯ ಲೆಕ್ಕದಿಂದ ಮೊಬೈಲಿನವರೆಗೆ

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹಾದ್ದೂರರ ಮುಂದಾಳತ್ವದಲ್ಲಿ ಒಂದು ಬ್ಯಾಂಕು ಹುಟ್ಟಿತು. ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಅದರಲ್ಲಿ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. ಧರ್ಮ ಬೇರೆಯಾದರೂ ಇಬ್ಬರ ಕಾಳಜಿಯೂ ಒಂದೇ: ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಯಬೇಕು, ಊರಿನ ಹಣ ಊರಿನ ಬದುಕಿಗೆ ಒದಗಬೇಕು.

1925ರಲ್ಲಿ ಉಡುಪಿಯಲ್ಲೇ ಆರಂಭವಾದ ಸಿಂಡಿಕೇಟ್ ಬ್ಯಾಂಕು ಇನ್ನೊಂದು ಹೆಜ್ಜೆ ಮುಂದಿಟ್ಟಿತು. 1928ರ ಪಿಗ್ಮಿ ಯೋಜನೆಯಲ್ಲಿ ಬ್ಯಾಂಕೇ ಬಡವನ ಬಾಗಿಲಿಗೆ ನಡೆದುಬಂತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಬರೆದುಕೊಳ್ಳುತ್ತಿದ್ದರು. ಹಾಗೆ ಬಂದವರು ನಮ್ಮ ಹಣವನ್ನಷ್ಟೇ ಅಲ್ಲ, ನಮ್ಮ ಕಷ್ಟಸುಖವನ್ನೂ ಬಲ್ಲವರಾಗಿರುತ್ತಿದ್ದರು.

ಇಂದು ಆ ಜಾಗದಲ್ಲಿ ಮೊಬೈಲಿದೆ. 2016ರಲ್ಲಿ ಯುಪಿಐ ಬಂತು. ಅದೇ ನವೆಂಬರಿನ ನೋಟು ರದ್ದತಿ ಜನರನ್ನು ಅದರತ್ತ ತಳ್ಳಿತು. ಈಗ ತರಕಾರಿ ಗಾಡಿಯ ಮೇಲೂ ಕ್ಯೂಆರ್ ಕೋಡ್ ಇದೆ. ದೂರದೂರಿನಲ್ಲಿ ದುಡಿಯುವ ಮಗ ಕಳಿಸಿದ ಹಣ ಕ್ಷಣದಲ್ಲಿ ತಾಯಿಯ ಖಾತೆ ಸೇರುತ್ತದೆ. ಇದು ಸಣ್ಣ ಉಪಕಾರವಲ್ಲ. ಎರಡಾಣೆಯನ್ನೂ ಲೆಕ್ಕಕ್ಕೆ ಹಿಡಿದ ಆ ಹಳೆಯ ಕನಸು ಒಂದರ್ಥದಲ್ಲಿ ಈಗ ದೇಶವ್ಯಾಪಿಯಾಗಿದೆ.

ಆದರೆ ಬ್ಯಾಂಕು ಹತ್ತಿರವಾದಷ್ಟೂ ಅದರ ಮನುಷ್ಯ ದೂರವಾಗಿದ್ದಾನೆ. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ ವಿಲೀನಗೊಂಡು ಕರಾವಳಿಯ ಎರಡು ಹೆಸರುಗಳು ಅಳಿದವು. ಹಿಂದೆ ನಮ್ಮ ಲೆಕ್ಕ ಪರಿಚಿತರ ಪುಸ್ತಕದಲ್ಲಿತ್ತು. ಈಗ ಎಲ್ಲೋ ಇರುವ ಯಂತ್ರದಲ್ಲಿದೆ. ಅದನ್ನು ಯಾರು, ಯಾವಾಗ, ಏತಕ್ಕೆ ನೋಡುತ್ತಾರೆಂಬುದು ನಮಗೆ ತಿಳಿಯುವುದಿಲ್ಲ. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಲೆಕ್ಕದ ಮೇಲೆ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟೀಸು ಬಂದಾಗ, ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ 'ನಗದು ಮಾತ್ರ' ಎಂಬ ಚೀಟಿ ಬಂತು. ತೆರಿಗೆ ಕೇಳುವುದು ಸರಕಾರದ ಹಕ್ಕು, ನಿಜ. ಆದರೆ ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣವೇ, ಅದರಲ್ಲಿ ಕೈಸಾಲವೆಷ್ಟು, ಮನೆಯವರು ಕಳಿಸಿದ್ದೆಷ್ಟು ಎಂದು ಯಂತ್ರ ವಿಚಾರಿಸುವುದಿಲ್ಲ. ಮನುಷ್ಯ ವಿಚಾರಿಸಬೇಕು.

ತಂತ್ರಜ್ಞಾನವನ್ನು ದೂರಿ ಫಲವಿಲ್ಲ. ಮತ್ತೆ ಆಣೆ ಪೈಗಳ ಕಾಲಕ್ಕೆ ಯಾರೂ ಹೋಗಬೇಕಿಲ್ಲ. ನಾವು ಕೇಳಬೇಕಾದುದು ಇಷ್ಟೇ: ಓದು ಬಾರದ ಅಜ್ಜಿಯೊಬ್ಬಳ ಹಣ ಒಂದು ತಪ್ಪು ಒತ್ತಿನಿಂದ ಕೈತಪ್ಪಿದರೆ, ಅವಳು ಯಾರ ಬಾಗಿಲು ತಟ್ಟಬೇಕು? ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಬ್ಯಾಂಕು ಕಟ್ಟಿದ್ದು ನಂಬಿಕೆಯ ಮೇಲೆ. ಹಣ ಎಷ್ಟೇ ವೇಗವಾಗಿ ಓಡಲಿ, ಆ ಬಾಗಿಲಲ್ಲಿ ಉತ್ತರ ಕೊಡುವವರೊಬ್ಬರು ಇರದಿದ್ದರೆ ನಂಬಿಕೆ ಹಿಂದೆಯೇ ಉಳಿದೀತು.