ಓಡುವ ಮೈ, ಒಡೆಯನ ತಕ್ಕಡಿ

ಅಮೆರಿಕದಲ್ಲಿ ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಒಂದು ಆಯ್ಕೆ ನಡೆಯುತ್ತದೆ. ಕಾಲೇಜು ಮುಗಿಸಿದ, ಇಲ್ಲವೆ ಅರ್ಧಕ್ಕೆ ಬಿಟ್ಟ ಇನ್ನೂರೈವತ್ತಕ್ಕೂ ಹೆಚ್ಚು ಹುಡುಗರ ಹೆಸರನ್ನು 32 ವೃತ್ತಿಪರ ಫುಟ್‌ಬಾಲ್ ತಂಡಗಳು ಸರದಿಯಂತೆ ಕೂಗುತ್ತವೆ. ಇದಕ್ಕೆ ಡ್ರಾಫ್ಟ್ ಅಂತ ಹೆಸರು. ಹುಡುಗ ತಂಡವನ್ನು ಆರಿಸಿಕೊಳ್ಳುವಂತಿಲ್ಲ. ತಂಡ ಹುಡುಗನನ್ನು ಆರಿಸಿಕೊಳ್ಳುತ್ತದೆ. ಮೊದಲು ಕೂಗಿಸಿಕೊಂಡವನಿಗೆ ಹೆಚ್ಚು ದುಡ್ಡು, ಕೊನೆಗೆ ಕೂಗಿಸಿಕೊಂಡವನಿಗೆ ಕಡಿಮೆ. ಕೂಗಿಸಿಕೊಳ್ಳದೆ ಉಳಿದವನ ಪಾಡು ಅವನದು.

ಆ ಆಟ ನಮ್ಮ ಕಾಲ್ಚೆಂಡಿನಂಥದ್ದಲ್ಲ. ಹೆಸರು ಫುಟ್‌ಬಾಲ್ ಆದರೂ ಅದರಲ್ಲಿ ಕಾಲಿಗಿಂತ ಇಡೀ ಮೈಗೇ ಕೆಲಸ. ಒಂದೊಂದು ಕಡೆ ಹನ್ನೊಂದು ಜನ, ನೂರು ಗಜದ ಬಯಲು. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಎದೆಗೆ ಅವಚಿಕೊಂಡು ಎದುರಿನ ಮೈಗಳ ಗೋಡೆಗೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ಪಂದ್ಯವೊಂದರಲ್ಲಿ ಇಪ್ಪತ್ತು ಸಲ ನುಗ್ಗಿದರೆ ಹೆಚ್ಚುಕಮ್ಮಿ ಇಪ್ಪತ್ತು ಸಲವೂ ಅವನನ್ನು ಕೆಡವುತ್ತಾರೆ. ಎದ್ದು ಮತ್ತೆ ನುಗ್ಗಬೇಕು. ಈ ಕಾಲೇಜಿನ ಓಟಗಾರ ಮೇಲೋ ಆ ಕಾಲೇಜಿನವನು ಮೇಲೋ ಅಂತ ಅಲ್ಲಿ ತಿಂಗಳುಗಟ್ಟಲೆ ತೂಗಿ ನೋಡುತ್ತಾರೆ. ನಾವು ಇಲ್ಲಿ ಬರೆಯಹೊರಟಿರುವುದು ಆ ತೂಗುವಿಕೆಯ ಚರಿತ್ರೆಯನ್ನು. ತಕ್ಕಡಿಯನ್ನು ಯಾರು ಹಿಡಿದಿದ್ದರು, ಯಾವ ಕಲ್ಲು ಹಾಕಿ ತೂಗಿದರು ಅನ್ನುವುದನ್ನು.

ಅಮೆರಿಕದ ಆಟದ ಗೊಡವೆ ನಮಗ್ಯಾಕೆ ಅಂತ ಕೇಳುವ ಗೆಳೆಯರಿದ್ದಾರೆ. ಜೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಕಪ್ಪು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ನಾಯಕ ಡು ಬೋಯಿಸ್ ಅವರಿಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರರ ಹೆಸರನ್ನೇ ಎತ್ತಿಕೊಂಡು ದಲಿತ ಪ್ಯಾಂಥರರಾದರು. ಹಾಗಾಗಿ ಆ ಕಡೆಗೆ ಕಣ್ಣು ಹಾಯಿಸುವುದು ನಮಗೆ ಹೊಸದಲ್ಲ. ಹೋರಾಟಗಾರರನ್ನು ನೋಡಿದ್ದೇವೆ, ಕವಿಗಳನ್ನು ಓದಿದ್ದೇವೆ. ಮೈಯನ್ನೇ ಬಂಡವಾಳ ಮಾಡಿಕೊಂಡು ಓಡಿದವರನ್ನೂ ನೋಡೋಣ.

ಡ್ರಾಫ್ಟ್ ಹುಟ್ಟಿದ್ದು 1936ರ ಫೆಬ್ರವರಿ 8ರಂದು, ಫಿಲಡೆಲ್ಫಿಯಾದ ಒಂದು ದೊಡ್ಡ ಹೋಟೆಲಿನಲ್ಲಿ. ಎನ್‌ಎಫ್‌ಎಲ್ ಎಂಬ ಕೂಟದ ಒಂಬತ್ತು ತಂಡಗಳ ಒಡೆಯರು ಸೇರಿದ್ದರು. ಕರಿಹಲಗೆ ಮೇಲೆ ತೊಂಬತ್ತು ಹೆಸರು. ಈ ಉಪಾಯ ಹೂಡಿದವನು ಬರ್ಟ್ ಬೆಲ್ ಎಂಬ ಒಡೆಯ. ಅದಕ್ಕೆ ಮುಂಚೆ ಮಿನ್ನೆಸೋಟದ ಸ್ಟ್ಯಾನ್ ಕೋಸ್ಟ್ಕಾ ಎಂಬ ಓಟಗಾರನಿಗಾಗಿ ತಂಡಗಳು ಪೈಪೋಟಿಗೆ ಬಿದ್ದು ಕೂಲಿ ಏರಿಸಿದ್ದವು, ಆ ಪೈಪೋಟಿಯಲ್ಲಿ ಬೆಲ್ ಸೋತಿದ್ದ. ಆಮೇಲೆ ಅವನು ಹೇಳಿದ್ದು ಇಷ್ಟು: ಸೋತ ತಂಡ ಮೊದಲು ಆರಿಸಲಿ. ಒಂದು ತಂಡ ಒಬ್ಬನನ್ನು ಹೆಸರಿಸಿದ ಮೇಲೆ ಬೇರೆ ತಂಡ ಅವನ ಜತೆ ವ್ಯವಹಾರ ಮಾಡಬಾರದು. ಬಡ ತಂಡಕ್ಕೆ ಇದರಿಂದ ಒಳ್ಳೆಯದಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಳು ಒಬ್ಬ, ಕರೆಯುವ ಒಡೆಯನೂ ಒಬ್ಬನೇ ಆದರೆ ಕೂಲಿ ಯಾರ ಮಾತಿನಂತೆ ನಡೆಯುತ್ತದೆ ಅನ್ನುವುದು ನಮ್ಮ ಜೀತದ ಮನೆಗಳಿಗೆ ಗೊತ್ತು. ಮೊಟ್ಟಮೊದಲು ಕೂಗಿದ ಹೆಸರು ಜೇ ಬರ್ವ್ಯಾಂಗರ್, ಅವನೂ ಚೆಂಡು ಹೊತ್ತು ಓಡುವವನೇ. ವ್ಯವಹಾರ ಕುದುರಲಿಲ್ಲ. ಅವನು ಒಂದೇ ಒಂದು ದಿನವೂ ವೃತ್ತಿಪರ ಆಟ ಆಡಲಿಲ್ಲ.

ಆ ತೊಂಬತ್ತು ಹೆಸರಲ್ಲಿ ಒಂದೂ ಕಪ್ಪು ಹೆಸರಿರಲಿಲ್ಲ. 1933ರಲ್ಲಿ ಜೋ ಲಿಲಾರ್ಡ್, ರೇ ಕೆಂಪ್ ಅಂತ ಇಬ್ಬರು ಕಪ್ಪು ಆಟಗಾರರು ಕೂಟದಲ್ಲಿದ್ದರು. 1934ರಿಂದ 1945ರವರೆಗೆ ಒಬ್ಬನೂ ಇಲ್ಲ. ಬರೆದಿಟ್ಟ ಕಾನೂನು ಯಾವುದೂ ಇರಲಿಲ್ಲ. ಊರ ಬಾವಿಗೆ ಬೋರ್ಡು ಹಾಕಿರುತ್ತಾರೆಯೇ? ಎಲ್ಲರಿಗೂ ಗೊತ್ತಿರುತ್ತದೆ, ಅಷ್ಟೇ.

ಆ ಕಾಲದಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಕಾಲೇಜಿನಲ್ಲಿ ಕೆನ್ನಿ ವಾಷಿಂಗ್ಟನ್ ಎಂಬ ಕಪ್ಪು ಹುಡುಗನಿದ್ದ. 1939ರಲ್ಲಿ ಓಟ, ಎಸೆತ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಇಡೀ ದೇಶದ ಕಾಲೇಜುಗಳಲ್ಲಿ ಅವನೇ ಮುಂದೆ. ಮರುವರ್ಷದ ಡ್ರಾಫ್ಟಿನಲ್ಲಿ ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಅವನನ್ನು ಇನ್ನೊಬ್ಬನ ಜತೆ ಹೋಲಿಸಿ ಕೀಳು ಅಂತ ತೀರ್ಮಾನಿಸಿದ್ದರೆ ಅದು ಒಂದು ಮಾತು. ಅವನನ್ನು ತಕ್ಕಡಿಗೇ ಹಾಕಲಿಲ್ಲ. ಅಸ್ಪೃಶ್ಯತೆಗೆ ಬೇರೆ ಅರ್ಥ ಇದೆಯೇ? 1946ರಲ್ಲಿ ರ‍್ಯಾಮ್ಸ್ ತಂಡ ಲಾಸ್ ಏಂಜಲೀಸ್‌ಗೆ ಬಂದು ಅಲ್ಲಿನ ಸಾರ್ವಜನಿಕ ಕ್ರೀಡಾಂಗಣ ಕೇಳಿತು. ಜನರ ತೆರಿಗೆಯಿಂದ ಕಟ್ಟಿದ ಬಯಲಲ್ಲಿ ಕಪ್ಪು ಜನಕ್ಕೆ ಜಾಗವಿಲ್ಲವೆಂದರೆ ಹೇಗೆ ಅಂತ ಹ್ಯಾಲಿ ಹಾರ್ಡಿಂಗ್ ಮುಂತಾದ ಕಪ್ಪು ಪತ್ರಕರ್ತರು ಪಟ್ಟುಹಿಡಿದರು. ಆಗ ಕೆನ್ನಿಗೆ ಕರೆ ಬಂತು. ಅಷ್ಟು ಹೊತ್ತಿಗೆ ಅವನಿಗೆ 27 ತುಂಬಿತ್ತು, ಮಂಡಿಗಳು ಹಾಳಾಗಿದ್ದವು. ಆದರೂ 1947ರಲ್ಲಿ ಒಂದೇ ಓಟದಲ್ಲಿ 92 ಗಜ ಓಡಿದ. ಹಾಳಾದ ಮಂಡಿಯಲ್ಲಿ 92 ಗಜ ಓಡಿದವನು ಗಟ್ಟಿ ಮಂಡಿಯಿದ್ದಾಗ ಎಷ್ಟು ಓಡುತ್ತಿದ್ದ? ಕದ್ದ ಆರು ವರ್ಷಕ್ಕೆ ಯಾವ ಪುಸ್ತಕದಲ್ಲೂ ಅಂಕಿಅಂಶ ಇಲ್ಲ.

ಡ್ರಾಫ್ಟಿನಲ್ಲಿ ಮೊದಲ ಕಪ್ಪು ಹೆಸರು ಕೇಳಿಬಂದದ್ದು 1949ರಲ್ಲಿ. ಇಂಡಿಯಾನಾ ವಿಶ್ವವಿದ್ಯಾಲಯದ ಓಟಗಾರ ಜಾರ್ಜ್ ಟ್ಯಾಲಿಯಫೆರೊ, ಹದಿಮೂರನೆಯ ಸುತ್ತಿನಲ್ಲಿ. ಎಲ್ಲಕ್ಕೂ ಕೊನೆಗೆ ಬಾಗಿಲು ತೆರೆದದ್ದು ರಾಜಧಾನಿ ವಾಷಿಂಗ್ಟನ್ನಿನ ತಂಡ. ಅದರ ಒಡೆಯ ಜಾರ್ಜ್ ಪ್ರೆಸ್ಟನ್ ಮಾರ್ಷಲ್. ಕೇಂದ್ರ ಸರ್ಕಾರದ ನೆಲದ ಮೇಲೆ ಹೊಸ ಕ್ರೀಡಾಂಗಣ ಎದ್ದಿತ್ತು. ಕಪ್ಪು ಆಟಗಾರನನ್ನು ಸೇರಿಸಿಕೊಳ್ಳದಿದ್ದರೆ ಅದು ಸಿಗುವುದಿಲ್ಲ ಅಂತ 1961ರಲ್ಲಿ ಕೆನಡಿ ಸರ್ಕಾರದ ಮಂತ್ರಿ ಸ್ಟೂವರ್ಟ್ ಉಡಾಲ್ ಗದರಿಸಿದ ಮೇಲೆ ಮಾರ್ಷಲ್ ಬಗ್ಗಿದ. ಆ ವರ್ಷದ ಡಿಸೆಂಬರಿನಲ್ಲಿ ಅವನ ತಂಡ ಮೊದಲ ಆಯ್ಕೆಯಾಗಿ ಕೂಗಿದ್ದು ಸಿರಕ್ಯೂಸ್‌ನ ಎರ್ನಿ ಡೇವಿಸ್ ಹೆಸರನ್ನು. ಕಾಲೇಜು ಆಟದ ಅತಿ ದೊಡ್ಡ ಬಹುಮಾನವಾದ ಹೈಸ್‌ಮನ್ ಪಡೆದ ಮೊದಲ ಕಪ್ಪು ಆಟಗಾರ ಅವನು. ಅವನನ್ನು ಕ್ಲೀವ್‌ಲ್ಯಾಂಡ್ ತಂಡಕ್ಕೆ ಕೊಟ್ಟು ಬಾಬಿ ಮಿಚೆಲ್ ಎಂಬ ಇನ್ನೊಬ್ಬ ಕಪ್ಪು ಆಟಗಾರನನ್ನು ವಾಷಿಂಗ್ಟನ್ ತಂದುಕೊಂಡಿತು. ಡೇವಿಸ್ ಒಂದು ಪಂದ್ಯವನ್ನೂ ಆಡದೆ 1963ರ ಮೇ 18ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ವಯಸ್ಸು 23.

ಬಾಗಿಲು ತೆರೆದದ್ದಾಯಿತು. ತೂಕ ನೆಟ್ಟಗಾಯಿತೇ? ಜಿಮ್ ಬ್ರೌನ್ ಕತೆ ನೋಡಿ. ಡೇವಿಸ್‌ಗಿಂತ ಮೊದಲು ಅದೇ ಸಿರಕ್ಯೂಸ್‌ನಲ್ಲಿ ಓಡಿದವನು. 1956ರ ಹೈಸ್‌ಮನ್ ಮತದಾನದಲ್ಲಿ ಅವನಿಗೆ ಐದನೆಯ ಸ್ಥಾನ. ಬಹುಮಾನ ಹೋದದ್ದು ಹತ್ತರಲ್ಲಿ ಎಂಟು ಪಂದ್ಯ ಸೋತಿದ್ದ ನಾಟರ್ ಡೇಮ್ ಕಾಲೇಜಿನ ಪಾಲ್ ಹಾರ್ನಂಗ್‌ಗೆ. 1957ರ ಡ್ರಾಫ್ಟಿನಲ್ಲೂ ಹಾರ್ನಂಗ್ ಮೊದಲನೆಯವನು, ಬ್ರೌನ್ ಆರನೆಯವನು. ಹಾರ್ನಂಗ್ ಕೆಟ್ಟ ಆಟಗಾರ ಅಂತ ನಾವು ಹೇಳುತ್ತಿಲ್ಲ, ಅವನೂ ಮುಂದೆ ಹೆಸರು ಮಾಡಿದ. ಆದರೆ ಬ್ರೌನ್ ಆಡಿದ ಒಂಬತ್ತು ವರ್ಷದಲ್ಲಿ ಎಂಟು ವರ್ಷ ಓಟದಲ್ಲಿ ಅವನೇ ಮೊದಲಿಗ. ಒಟ್ಟು 12,312 ಗಜ, ಒಂದೊಂದು ನುಗ್ಗಿಗೆ ಸರಾಸರಿ 5.2 ಗಜ. 1966ರಲ್ಲಿ ಸಿನಿಮಾ ಚಿತ್ರೀಕರಣ ತಡವಾಗಿ ಅವನು ಶಿಬಿರಕ್ಕೆ ಬರದಿದ್ದಾಗ ಒಡೆಯ ದಂಡ ಹಾಕುತ್ತೇನೆ ಅಂತ ಹೆದರಿಸಿದ. ಮೂವತ್ತರ ಬ್ರೌನ್ ಆಟಕ್ಕೇ ಶರಣು ಹೊಡೆದು ಹೊರಬಂದ. ತನ್ನ ಮೈಯ ಲೆಕ್ಕವನ್ನು ತಾನೇ ಮುಗಿಸಿದವನು ಅವನು.

ಇನ್ನೊಂದು ಕಡೆ ಕಪ್ಪು ಜನರ ಕಾಲೇಜುಗಳು. ದಕ್ಷಿಣದ ಕೆಲವು ದೊಡ್ಡ ಬಿಳಿ ವಿಶ್ವವಿದ್ಯಾಲಯಗಳ ಮುಖ್ಯ ತಂಡಗಳು 1972ರವರೆಗೂ ಒಬ್ಬ ಕಪ್ಪು ಆಟಗಾರನನ್ನೂ ಕಣಕ್ಕಿಳಿಸಿರಲಿಲ್ಲ. ಕಪ್ಪು ಹುಡುಗರು ತಮ್ಮ ಕಾಲೇಜುಗಳಲ್ಲೇ ಆಡಿದರು. ಆರಿಸುವವರು ಅತ್ತ ಕಡೆ ತಲೆಹಾಕುತ್ತಿರಲಿಲ್ಲ. ಪಿಟ್ಸ್‌ಬರ್ಗ್ ಕೊರಿಯರ್ ಎಂಬ ಕಪ್ಪು ಜನರ ಪತ್ರಿಕೆಯ ಬಿಲ್ ನನ್ ಆ ಊರೂರು ತಿರುಗಿ, ಆಟ ನೋಡಿ, ಪ್ರತಿವರ್ಷ ಕಪ್ಪು ಕಾಲೇಜುಗಳ ಅತ್ಯುತ್ತಮರ ಪಟ್ಟಿ ಅಚ್ಚು ಹಾಕಿದ. 1960ರ ದಶಕದ ಕೊನೆಯಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಅವನನ್ನೇ ಕೆಲಸಕ್ಕೆ ಕರೆಯಿತು. 1970ರ ದಶಕದಲ್ಲಿ ಆ ತಂಡ ನಾಲ್ಕು ಸಲ ಗೆದ್ದಿತು. ಆಟಗಾರರನ್ನು ಹುಟ್ಟಿಸಿದವನು ಅವನಲ್ಲ, ಇದ್ದವರನ್ನು ಕಂಡ, ಕಂಡದ್ದನ್ನು ಬರೆದ. ಒಂದು ಸಣ್ಣ ಪತ್ರಿಕೆ ಏನು ಮಾಡಬಲ್ಲುದು ಅನ್ನುವುದಕ್ಕೆ ನಾವು ಇದನ್ನು ನೆನಪಿಡಬೇಕು. 1975ರಲ್ಲಿ ಮಿಸಿಸಿಪ್ಪಿಯ ಕಪ್ಪು ಕಾಲೇಜು ಜ್ಯಾಕ್ಸನ್ ಸ್ಟೇಟ್‌ನ ವಾಲ್ಟರ್ ಪೇಟನ್ ನಾಲ್ಕನೆಯ ಹೆಸರಾಗಿ ಆಯ್ಕೆಯಾದ. 16,726 ಗಜ ಓಡಿ ಬ್ರೌನ್ ದಾಖಲೆಯನ್ನೂ ದಾಟಿದ.

ಈಗಿನ ತಕ್ಕಡಿ ಬೇರೆ ಥರದ್ದು. 1982ರಲ್ಲಿ ಶುರುವಾಗಿ 1987ರಿಂದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಎಂಬ ಪರೀಕ್ಷೆ. ಹುಡುಗರ ಎತ್ತರ, ತೂಕ, ತೋಳಿನ ಉದ್ದ, ಅಂಗೈಯ ಅಗಲ ಅಳೆಯುತ್ತಾರೆ. ವೈದ್ಯರು ಮಂಡಿ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. 40 ಗಜ ಓಡಿಸಿ ಸೆಕೆಂಡಿನ ನೂರನೆಯ ಭಾಗದವರೆಗೆ ಬರೆದುಕೊಳ್ಳುತ್ತಾರೆ. ದನದ ಜಾತ್ರೆಯಲ್ಲಿ ಹಲ್ಲು ಎಣಿಸಿ, ಸುಳಿ ನೋಡಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2021ರಲ್ಲಿ ಕಾಲಿನ್ ಕೆಪರ್ನಿಕ್ ಎಂಬ ಆಟಗಾರ ಇದನ್ನು ಗುಲಾಮರ ಹರಾಜಿಗೆ ಹೋಲಿಸಿ ತೋರಿಸಿದಾಗ ಬಹಳ ಜನ ಸಿಟ್ಟಾದರು. ಗುಲಾಮನಿಗೆ ಸಂಬಳವಿರಲಿಲ್ಲ, ಬಿಟ್ಟು ಹೋಗುವ ದಾರಿಯಿರಲಿಲ್ಲ. ಇವರಿಗೆ ಎರಡೂ ಉಂಟು. ಆ ವ್ಯತ್ಯಾಸ ದೊಡ್ಡದು. ಆದರೂ ತೂಗುವ ಒಡೆಯರ ಪಟ್ಟಿಯನ್ನೂ ತೂಗಿಸಿಕೊಳ್ಳುವ ಮೈಗಳ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಓಟಗಾರರಲ್ಲಿ ಹೆಚ್ಚಿನವರು ಕಪ್ಪು ಜನ. 32 ತಂಡಗಳಲ್ಲಿ ಒಂದಕ್ಕೂ ಕಪ್ಪು ಮುಖ್ಯ ಒಡೆಯ ಇದುವರೆಗೆ ಬಂದಿಲ್ಲ.

ಗಡಿಯಾರಕ್ಕೆ ಬಣ್ಣ ಕಾಣುವುದಿಲ್ಲವಲ್ಲ, ಇದು ನ್ಯಾಯವೇ ಅಲ್ಲವೇ ಅಂತ ಕೇಳುವವರಿದ್ದಾರೆ. ಒಪ್ಪಿದೆವು, ಗಡಿಯಾರ ಸುಳ್ಳು ಹೇಳುವುದಿಲ್ಲ. ಆದರೆ ಯಾವುದನ್ನು ಅಳೆಯಬೇಕು ಅಂತ ಗಡಿಯಾರ ತೀರ್ಮಾನಿಸುವುದಿಲ್ಲ. 1990ರಲ್ಲಿ ಬ್ಲೇರ್ ಥಾಮಸ್ ಎಂಬ ಓಟಗಾರ ಎರಡನೆಯ ಹೆಸರು. ಎಮಿಟ್ ಸ್ಮಿತ್ ಕುಳ್ಳ, ಓಟ ಸಾಲದು ಅಂದರು. ಅವನು ಹದಿನೇಳನೆಯ ಹೆಸರು. ಥಾಮಸ್ ಒಟ್ಟು ಓಡಿದ್ದು 2,236 ಗಜ. ಸ್ಮಿತ್ ಓಡಿದ 18,355 ಗಜವನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. 2005ರಲ್ಲಿ ಮೊದಲ ಐದು ಹೆಸರಲ್ಲಿ ಮೂವರು ಓಟಗಾರರು: ರಾನಿ ಬ್ರೌನ್, ಸೆಡ್ರಿಕ್ ಬೆನ್ಸನ್, ಕ್ಯಾಡಿಲಾಕ್ ವಿಲಿಯಮ್ಸ್. ಅದೇ ವರ್ಷ ಮಯಾಮಿಯ ಫ್ರಾಂಕ್ ಗೋರ್ 65ನೆಯ ಹೆಸರು. ಕಾಲೇಜಿನಲ್ಲೇ ಅವನ ಎರಡೂ ಮಂಡಿಯ ಕಟ್ಟು ಹರಿದಿತ್ತು. ಓದುವಾಗ ಅಕ್ಷರ ಕಲಸಿಹೋಗುವ ತೊಂದರೆ ಬೇರೆ. 12 ನಿಮಿಷದಲ್ಲಿ 50 ಪ್ರಶ್ನೆ ಬಿಡಿಸುವ ಒಂದು ಬುದ್ಧಿಪರೀಕ್ಷೆಯನ್ನೂ ಆಗ ಕಂಬೈನ್‌ನಲ್ಲಿ ಇಡುತ್ತಿದ್ದರು, 2022ರಲ್ಲಿ ಕೈಬಿಟ್ಟರು. ಗೋರ್ ಹದಿನಾರು ವರ್ಷ ಆಡಿ 16,000 ಗಜ ಓಡಿದ. ಮೇಲೆ ಹೇಳಿದ ಮೂವರ ಓಟವನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ. ಬಿದ್ದು ಎದ್ದವನ ಕಸುವನ್ನು ಅಳೆಯುವ ಪಟ್ಟಿ ಅವರ ಹತ್ತಿರ ಇರಲಿಲ್ಲ. ಒಂದು ದಿನದ ಪರೀಕ್ಷೆಯ ಅಂಕಿಯನ್ನೇ 'ಮೆರಿಟ್ಟು' ಅಂತ ನಮ್ಮ ಮುಖಕ್ಕೆ ಹಿಡಿಯುವವರಿಗೆ ಈ ಲೆಕ್ಕವನ್ನು ತೋರಿಸಬೇಕು.

ಇನ್ನು ಕೂಲಿಯ ಮಾತು. ಹೈಸ್ಕೂಲು ಮುಗಿದು ಮೂರು ವರ್ಷ ಆಗುವವರೆಗೆ ಹುಡುಗ ಡ್ರಾಫ್ಟಿಗೆ ಬರುವಂತಿಲ್ಲ. ಒಹಾಯೊ ಸ್ಟೇಟ್‌ನ ಓಟಗಾರ ಮಾರಿಸ್ ಕ್ಲಾರೆಟ್ ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದ. 2004ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದ, ಮೇಲಿನ ಕೋರ್ಟಿನಲ್ಲಿ ಸೋತ. ಆ ಮೂರು ವರ್ಷ ಕಾಲೇಜಿಗೆ ದುಡಿತ. ವಿದ್ಯಾರ್ಥಿವೇತನ ಕೊಡುತ್ತೇವಲ್ಲ ಅನ್ನುತ್ತಿದ್ದರು. ತನ್ನ ಹೆಸರಿನಿಂದ ಬರುವ ದುಡ್ಡನ್ನು ಹುಡುಗ ಮುಟ್ಟಬಹುದಾದದ್ದು 2021ರ ಜುಲೈಯಿಂದ ಈಚೆಗೆ. 1974ರಲ್ಲಿ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಕೆಂಟ್ ವಾಲ್ಡ್ರೆಪ್ ಎಂಬ ಬಿಳಿ ಓಟಗಾರ ಪಂದ್ಯದಲ್ಲಿ ಬಿದ್ದು ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡ. ಇವನು ಕಾರ್ಮಿಕನಲ್ಲ, ಪರಿಹಾರ ಸಲ್ಲದು ಅಂತ 2000ದಲ್ಲಿ ಟೆಕ್ಸಾಸ್ ಕೋರ್ಟು ಹೇಳಿತು. ಮೈ ಮುರಿದಾಗ ಬಿಳಿ ಬಣ್ಣವೂ ಕಾಯಲಿಲ್ಲ. ಜಾತಿ ಒಂದು ಗೋಡೆಯಾದರೆ ದುಡ್ಡು ಇನ್ನೊಂದು ಗೋಡೆ ಅಂತ ನಾವು ಹೇಳುತ್ತ ಬಂದದ್ದು ಇದನ್ನೇ. ಡ್ರಾಫ್ಟ್ ಆದವನಿಗೂ 2011ರ ಒಪ್ಪಂದದಂತೆ ಮೊದಲ ನಾಲ್ಕು ವರ್ಷ ಕಟ್ಟಿಟ್ಟ ಸಂಬಳ. ರನ್ನಿಂಗ್ ಬ್ಯಾಕ್ ಮೈಗೆ ಒಳ್ಳೆಯ ವರ್ಷಗಳೆಂದರೆ ಅವೇ. ಅವು ಮುಗಿದ ಮೇಲೆ 'ಸವೆದಿದೆ' ಅನ್ನುತ್ತಾರೆ.

ಎಲ್ಲಕ್ಕಿಂತ ಕ್ರೂರವಾದ ತೂಕ ಕೊನೆಯಲ್ಲಿದೆ. ತಲೆಗೆ ಪೆಟ್ಟು ಬಿದ್ದು ಬಿದ್ದು ನೆನಪು, ಬುದ್ಧಿ ಕೆಟ್ಟ ಹಳೆಯ ಆಟಗಾರರಿಗೆ ಪರಿಹಾರ ಕೊಡುವುದಾಗಿ ಎನ್‌ಎಫ್‌ಎಲ್ ಕೋರ್ಟಿನಲ್ಲಿ ಒಪ್ಪಿತ್ತು. ಬುದ್ಧಿ ಎಷ್ಟು ಕೆಟ್ಟಿದೆ ಅಂತ ಗೊತ್ತಾಗಬೇಕಾದರೆ ಮೊದಲು ಎಷ್ಟಿತ್ತು ಅನ್ನುವುದು ಬೇಕಲ್ಲ. ಆ ಲೆಕ್ಕದಲ್ಲಿ ಕಪ್ಪು ಜನರಿಗೆ ಮೊದಲೇ ಕಡಿಮೆ ಇತ್ತು ಅಂತ ಹಿಡಿಯುವ ಪದ್ಧತಿ ನಡೆಯುತ್ತಿತ್ತು. ಒಂದೇ ಅಂಕ ಬಂದರೂ ಬಿಳಿಯನಿಗೆ ಪರಿಹಾರ ಸಿಗಬಹುದಿತ್ತು, ಕರಿಯನಿಗೆ ಇಲ್ಲ. 2020ರಲ್ಲಿ ಇದರ ವಿರುದ್ಧ ದಾವೆ ಹೂಡಿದ ಇಬ್ಬರಲ್ಲಿ ಒಬ್ಬ ನಜೇ ಡ್ಯಾವನ್‌ಪೋರ್ಟ್. ಅವನೂ ರನ್ನಿಂಗ್ ಬ್ಯಾಕೇ. ಮರುವರ್ಷ ಜೂನಿನಲ್ಲಿ ಎನ್‌ಎಫ್‌ಎಲ್ ಆ ಪದ್ಧತಿಯನ್ನು ಬಿಡುವುದಾಗಿ ಒಪ್ಪಿಕೊಂಡಿತು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಕಾಲನ್ನು ಸೆಕೆಂಡಿನ ನೂರನೆಯ ಭಾಗದವರೆಗೆ ಅಳೆದವರು ಅವನ ತಲೆಯನ್ನು ಅಳೆಯುವಾಗ ಮಾತ್ರ ಮೈಬಣ್ಣ ನೋಡಿದರು.

ಹೋಲಿಕೆ ಬೇಡ ಅಂತ ನಾವು ಹೇಳುವುದಿಲ್ಲ. ಆಟವೆಂದ ಮೇಲೆ ಒಬ್ಬ ಮುಂದೆ, ಒಬ್ಬ ಹಿಂದೆ. ಓಡುವ ಕಾಲನ್ನು ಕಂಡು ಹಿಗ್ಗುವುದು ತಪ್ಪಲ್ಲ. ಆದರೆ ಯಾವ ಪಟ್ಟಿ ಬಂದರೂ ಮೂರು ಪ್ರಶ್ನೆ ಕೇಳುವುದನ್ನು ನಮ್ಮ ಮಕ್ಕಳಿಗೆ ಕಲಿಸೋಣ. ಈ ಪಟ್ಟಿ ಬರೆದವರು ಯಾರು? ಇದರಲ್ಲಿ ಸೇರದೆ ಉಳಿದ ಹೆಸರು ಯಾವುವು? ತೂಗಿಸಿಕೊಂಡವನ ಮೈ ಮುರಿದ ದಿನ ಲೆಕ್ಕ ಕೊಡುವವರು ಯಾರು? ಇವಕ್ಕೆ ಉತ್ತರ ಕೊಡದವರಿಗೆ ನಮ್ಮ ಯೋಗ್ಯತೆ ಅಳೆಯುವ ಯೋಗ್ಯತೆ ಇಲ್ಲ.