ನಂಜನಗೂಡು ರಸಬಾಳೆ ಸಸಿಗಳಲ್ಲಿ ಡಿ.ಎನ್.ಎ. ಪ್ರಮಾಣದ ಮಾಪನ: ಫ್ಲೋ ಸೈಟೋಮೆಟ್ರಿ ವಿಧಾನ

ಮೈಸೂರು ಜಿಲ್ಲೆಯ ನಂಜನಗೂಡು ಭಾಗದ ರಸಬಾಳೆಯು ಸುವಾಸನೆ ಹಾಗೂ ರುಚಿಗೆ ಹೆಸರಾಗಿದ್ದು, 2005-06ನೇ ಸಾಲಿನಲ್ಲಿ ಭೌಗೋಳಿಕ ಗುರುತಿನ ನೋಂದಣಿಯನ್ನು ಪಡೆದಿರುತ್ತದೆ. ಮಣ್ಣಿನಿಂದ ಹರಡುವ ಪನಾಮ ಸೊರಗು ರೋಗದಿಂದಾಗಿ ಈ ತಳಿಯ ತೋಟಗಳು ಬಹುವಾಗಿ ಕುಗ್ಗಿವೆ. ಇದನ್ನು ಮತ್ತೆ ಬೆಳೆಯಲಿಚ್ಛಿಸುವ ರೈತರು ಅಂಗಾಂಶ ಕೃಷಿಯ ಸಸಿಗಳನ್ನು ಅವಲಂಬಿಸಬೇಕಾಗುತ್ತದೆ. ಆದರೆ ಪಾಲಿಥೀನ್ ಚೀಲದಲ್ಲಿರುವ ಎಳೆಯ ಸಸಿಗಳೆಲ್ಲ ನೋಟಕ್ಕೆ ಹೆಚ್ಚುಕಡಿಮೆ ಒಂದೇ. ತಳಿ ಬೇರೆಯಾಗಿದ್ದರೆ ಅದು ಖಚಿತವಾಗುವುದು ಗೊನೆ ಬಂದ ಮೇಲೆ. ಅಷ್ಟರೊಳಗೆ ವರ್ಷದ ಹತ್ತಿರದ ಶ್ರಮ, ನೀರು ಮತ್ತು ಗೊಬ್ಬರದ ವೆಚ್ಚ ಸಂದಿರುತ್ತದೆ. ಸಸಿಯ ಹಂತದಲ್ಲಿಯೇ ಡಿ.ಎನ್.ಎ. ಪ್ರಮಾಣವನ್ನು ಅಳೆಯುವ ಫ್ಲೋ ಸೈಟೋಮೆಟ್ರಿ ವಿಧಾನವು ಈ ವಿಷಯದಲ್ಲಿ ಎಷ್ಟರಮಟ್ಟಿಗೆ ನೆರವಾಗಬಲ್ಲದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬಾಳೆಯ ಮೂಲ ವರ್ಣತಂತು ಸಂಖ್ಯೆ 11. ನಾವು ತಿನ್ನುವ ಬಹುಪಾಲು ತಳಿಗಳು ಮ್ಯೂಸಾ ಅಕ್ಯುಮಿನೇಟಾ ಮತ್ತು ಮ್ಯೂಸಾ ಬಾಲ್ಬಿಸಿಯಾನ ಎಂಬ ಎರಡು ಕಾಡುಬಾಳೆಗಳಿಂದ ಬಂದವು. ಮೊದಲನೆಯದರ ವರ್ಣತಂತುಗಳ ಗುಂಪನ್ನು ‘ಎ’ ಎಂದೂ ಎರಡನೆಯದನ್ನು ‘ಬಿ’ ಎಂದೂ ಗುರುತಿಸಲಾಗುತ್ತದೆ. ಏಲಕ್ಕಿ ಬಾಳೆಯು ಎಬಿ, ಅಂದರೆ 22 ವರ್ಣತಂತುಗಳ ದ್ವಿಗುಣಿತ ತಳಿ. ರಸಬಾಳೆಯು ಎಎಬಿ, 33 ವರ್ಣತಂತುಗಳ ತ್ರಿಗುಣಿತ ತಳಿ. ‘ಎ’ ಗುಂಪಿನಲ್ಲಿ ಸುಮಾರು 60 ಕೋಟಿ, ‘ಬಿ’ ಗುಂಪಿನಲ್ಲಿ ಸುಮಾರು 55 ಕೋಟಿ ಡಿ.ಎನ್.ಎ. ಜೋಡಿಗಳಿವೆ. ಇದರಂತೆ ಲೆಕ್ಕ ಹಾಕಿದರೆ ಏಲಕ್ಕಿಯ ಒಂದು ಜೀವಕೋಶದಲ್ಲಿ ಸುಮಾರು 1.2 ಪೈಕೋಗ್ರಾಂ, ರಸಬಾಳೆಯಲ್ಲಿ ಸುಮಾರು 1.8 ಪೈಕೋಗ್ರಾಂ ಡಿ.ಎನ್.ಎ. ಇರಬೇಕಾಗುತ್ತದೆ. ಒಂದು ಪೈಕೋಗ್ರಾಂ ಎಂದರೆ ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಭಾಗ.

ಹಿಂದೆ ಬೇರಿನ ತುದಿಯನ್ನು ಬಣ್ಣಗೊಳಿಸಿ, ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳನ್ನು ಒಂದೊಂದಾಗಿ ಎಣಿಸಲಾಗುತ್ತಿತ್ತು. ಬಾಳೆಯ ವರ್ಣತಂತುಗಳು ತೀರ ಚಿಕ್ಕವಾದುದರಿಂದ ಇದು ಕಣ್ಣಿಗೂ ತಾಳ್ಮೆಗೂ ಕಠಿಣವಾದ ಕೆಲಸ. 1983ರಲ್ಲಿ ಡೇವಿಡ್ ಗಾಲ್‌ಬ್ರೈತ್ ಮತ್ತು ಸಂಗಡಿಗರು ಪ್ರಕಟಿಸಿದ ಸರಳ ಕ್ರಮವು ಸಸ್ಯಗಳ ಮಾಪನವನ್ನು ಸುಲಭಗೊಳಿಸಿತು. ಎಳೆಯ ಎಲೆಯ ಸಣ್ಣ ತುಣುಕನ್ನು ತಣ್ಣನೆಯ ದ್ರಾವಣದಲ್ಲಿಟ್ಟು ಹರಿತವಾದ ಬ್ಲೇಡಿನಿಂದ ಕೊಚ್ಚಲಾಗುತ್ತದೆ. ಹೊರಬಂದ ಕೋಶಕೇಂದ್ರಗಳನ್ನು ನೈಲಾನ್ ಜಾಲರಿಯಲ್ಲಿ ಸೋಸಿ, ಆರ್.ಎನ್.ಎ.ಯನ್ನು ಕಿಣ್ವದಿಂದ ತೆಗೆದು, ಪ್ರೊಪಿಡಿಯಂ ಅಯೋಡೈಡ್ ಎಂಬ ಬಣ್ಣವನ್ನು ಸೇರಿಸಲಾಗುತ್ತದೆ. ಅನಂತರ ಅವು ಒಂದರ ಹಿಂದೊಂದು ಲೇಸರ್ ಕಿರಣದ ಮುಂದೆ ಹಾಯುತ್ತವೆ. ಡಿ.ಎನ್.ಎ. ಹೆಚ್ಚಿದ್ದಷ್ಟೂ ಹೊಳಪು ಹೆಚ್ಚು. ಕೆಲವೇ ನಿಮಿಷಗಳಲ್ಲಿ ಸಾವಿರಾರು ಕೋಶಕೇಂದ್ರಗಳ ಹೊಳಪು ನಕ್ಷೆಯಲ್ಲಿ ಶಿಖರವಾಗಿ ಮೂಡುತ್ತದೆ.

ಪ್ರಮಾಣ ತಿಳಿದಿರುವ ಸಸ್ಯವೊಂದನ್ನು ಜೊತೆಗಿಟ್ಟು ಅಳೆಯುವುದು ಕಡ್ಡಾಯ. ಸೋಯಾ ಅವರೆಯ ‘ಪೊಲಾಂಕಾ’ ತಳಿಗೆ 2.50 ಪೈಕೋಗ್ರಾಂ ಎಂದು ನಿಗದಿಯಾಗಿದೆ. ಸೋಯಾದ ಶಿಖರವನ್ನು 200ನೇ ಅಂಕದಲ್ಲಿ ನಿಲ್ಲಿಸಿದರೆ, ಮೇಲಿನ ಲೆಕ್ಕದಂತೆ ರಸಬಾಳೆಯು 144ರ ಬಳಿ, ಏಲಕ್ಕಿಯು 96ರ ಬಳಿ ಕಾಣಬೇಕು. ಬಾಳೆಯ ಹಾಲು ಮತ್ತು ಒಗರು ಪದಾರ್ಥಗಳು ಬಣ್ಣಕ್ಕೆ ಅಡ್ಡಿಯಾಗುವುದರಿಂದ ಇನ್ನೂ ಬಿಚ್ಚಿಕೊಳ್ಳದ ಸುರುಳಿ ಎಲೆಯನ್ನು ಆರಿಸುವುದು ಒಳ್ಳೆಯದು. ಮಾದರಿಯನ್ನು ಒದ್ದೆ ಕಾಗದದಲ್ಲಿ ಸುತ್ತಿ ತಂಪಾಗಿ ಕಳುಹಿಸತಕ್ಕದ್ದು, ಮಂಜುಗಟ್ಟಿಸಬಾರದು.

ರಸಬಾಳೆಯೆಂದು ಬಂದ ಸಸಿಗಳಲ್ಲಿ ಏಲಕ್ಕಿ ಬೆರೆತಿದ್ದರೆ ಈ ಪರೀಕ್ಷೆಯು ಅದನ್ನು ಅನುಮಾನಕ್ಕೆಡೆಯಿಲ್ಲದಂತೆ ತೋರಿಸುತ್ತದೆ. ವರ್ಣತಂತುಗಳ ಗುಂಪು ಪೂರ್ತಿಯಾಗಿ ಇಮ್ಮಡಿಯಾಗಿದ್ದರೂ ತಿಳಿಯುತ್ತದೆ. 33ರಲ್ಲಿ ಒಂದು ವರ್ಣತಂತು ಕಡಿಮೆಯಾದರೆ ವ್ಯತ್ಯಾಸವು ಶೇಕಡಾ 3ರಷ್ಟು ಮಾತ್ರ. ಅದನ್ನು ಹಿಡಿಯಲು ಬಹು ನಿಖರವಾದ, ಪುನರಾವರ್ತಿತ ಮಾಪನ ಬೇಕು. ಆದರೆ ಪೂವನ್ ಬಾಳೆಯೂ ಎಎಬಿ ಗುಂಪಿನದೇ ಆಗಿರುವುದರಿಂದ ಅದರ ಶಿಖರವೂ ರಸಬಾಳೆಯ ಸ್ಥಾನದಲ್ಲಿಯೇ ಬೀಳುತ್ತದೆ. ಎಎಎ ಗುಂಪಿನ ಪಚ್ಚಬಾಳೆಯ ಅಂತರವೂ ಶೇಕಡಾ 3ನ್ನು ಮೀರುವುದಿಲ್ಲ. ಮೂಟೆಯ ತೂಕದ ಚೀಟಿಯನ್ನು ನೋಡಿ ಒಳಗಿರುವ ಭತ್ತ ಯಾವ ತಳಿಯದೆಂದು ಹೇಳಲಾಗದಷ್ಟೇ ಸರಳವಾದ ಮಾತಿದು. ಆದುದರಿಂದ ‘ಫ್ಲೋ ಸೈಟೋಮೆಟ್ರಿ ಪರೀಕ್ಷಿತ’ ಎಂಬ ಬರಹವೊಂದನ್ನೇ ಅಸಲಿ ರಸಬಾಳೆಯ ಪುರಾವೆಯಾಗಿ ಪರಿಗಣಿಸುವಂತಿಲ್ಲ. ಅಂಗಾಂಶ ಕೃಷಿಯಲ್ಲಿ ಕಾಣಬರುವ ಗಿಡ್ಡ ಗಿಡಗಳಂತಹ ಅನೇಕ ವಿಕೃತಿಗಳೂ ಡಿ.ಎನ್.ಎ. ಪ್ರಮಾಣವನ್ನು ಬದಲಿಸದೆಯೇ ಉಂಟಾಗುತ್ತವೆ.

ತಳಿಯ ಏಕರೂಪತೆಗೆ ಡಿ.ಎನ್.ಎ. ಗುರುತುಗಳ ಪರೀಕ್ಷೆಯೂ, ನಂಜಿಗೆ ಪ್ರತ್ಯೇಕ ಪರೀಕ್ಷೆಯೂ ಅವಶ್ಯ. 2006ರಲ್ಲಿ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಮೂಲಕ ಜಾರಿಗೆ ಬಂದ ಅಂಗಾಂಶ ಕೃಷಿ ಸಸಿಗಳ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆಯು ಈ ಎರಡನ್ನೂ ಒಳಗೊಂಡಿದೆ. ಸಸಿ ಕೊಳ್ಳುವ ರೈತರು ಸದರಿ ಪ್ರಮಾಣಪತ್ರವನ್ನೂ, ತಾಯಿಗಿಡವನ್ನು ಯಾವ ತೋಟದಿಂದ ಆರಿಸಲಾಗಿದೆ ಎಂಬ ವಿವರವನ್ನೂ ಕೇಳಿ ಪಡೆಯತಕ್ಕದ್ದು. ಶುದ್ಧವಾದ ಸಸಿಯೂ ಸೊರಗು ರೋಗದ ಶಿಲೀಂಧ್ರವಿರುವ ಮಣ್ಣಿನಲ್ಲಿ ಉಳಿಯಲಾರದು. ಈ ಶಿಲೀಂಧ್ರವು ಬಾಳೆಯಿಲ್ಲದಿದ್ದರೂ ಹಲವು ವರ್ಷ ಮಣ್ಣಿನಲ್ಲಿ ಜೀವಂತವಾಗಿರುತ್ತದೆ. ಜಮೀನಿನ ಆಯ್ಕೆಯ ಕುರಿತು ತಾಲ್ಲೂಕಿನ ತೋಟಗಾರಿಕೆ ಇಲಾಖಾ ಕಚೇರಿಯನ್ನು ಅಥವಾ ಸುತ್ತೂರಿನ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರವನ್ನು ನಾಟಿಗೆ ಮುಂಚಿತವಾಗಿ ಸಂಪರ್ಕಿಸಬಹುದಾಗಿದೆ.